ಹಳೇ ಕಾರ್ಡಿಗೆ ಯಾವ ಡ್ರೈವರ್?

ಗುಂಡ್ಲುಪೇಟೆ
7 ಏಪ್ರಿಲ್ 2025, ಸೋಮವಾರ
ವಿಷಯ: ಕಂಪ್ಯೂಟರ್ ಮಾತ್ರ

ನೀಲಾವತಿಗೆ,

ಫೋನ್ ಮಾಡಬೇಡಿ, ಮಾತು ಶುರುವಾದರೆ ಜಗಳದಲ್ಲೇ ಮುಗಿಯುತ್ತೆ, ಹೇಳುವುದಿದ್ದರೆ ಇಮೇಲಿನಲ್ಲಿ ಬರೆಯಿರಿ ಎಂದು ತವರಿಗೆ ಹೋದ ದಿನವೇ ನೀನು ಹೇಳಿದ್ದೆ. ದೀಪಾವಳಿಯಿಂದ ಇಲ್ಲಿಯವರೆಗೆ ಬರೆಯುವಂಥದ್ದು ಏನೂ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಗಾಬರಿ ಬೇಡ, ಕಂಪ್ಯೂಟರ್ ವಿಚಾರ.

ಭಾನುವಾರ ನಾಲ್ಕು ಗಂಟೆಗೆ ಅಲ್ಲಿ ಚಂದಕವಾಡಿಯಲ್ಲಿ ಭವ್ಯ ನಿನ್ನ ಲ್ಯಾಪ್‌ಟಾಪಿನಲ್ಲಿ, ಇಲ್ಲಿ ನಮ್ಮ ಹಳೇ ಕಂಪ್ಯೂಟರಿನಲ್ಲಿ, ಆ ಗಾಡಿ ಓಟದ ಆಟ ನಡೆಯುವುದು ನಿನಗೆ ಗೊತ್ತೇ ಇದೆ. ಮಗಳ ಗಾಡಿ ನೀರು ಕುಡಿದಷ್ಟು ಸಲೀಸಾಗಿ ಹೋಗುತ್ತೆ. ಇಲ್ಲಿಯದು ತಿರುವು ಬಂದ ಕೂಡಲೇ ಕುಂಟೆತ್ತು ಏರಿ ಹತ್ತಿದ ಹಾಗೆ ನಿಂತು ನಿಂತು ಹೋಗುತ್ತೆ. ವಾರ ವಾರವೂ ಸೋಲೇ. ಸೋತರೆ ಸೋಲಲಿ, ಆದರೆ ಆಡಿ ಸೋಲಬೇಕು, ಗಾಡಿ ಕುಂಟಿ ಸೋಲಬಾರದು.

ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. ಲಿನಕ್ಸಾ ಅಂತ ನಕ್ಕ. ಕಂಪನಿ ಡ್ರೈವರ್ ಹಾಕಿ ನೋಡಿ, ಹಾರುತ್ತೆ ಅಂದ. ಕಂಪ್ಯೂಟರ್ ನಡೆಸಲು ನೀನು ಹಾಕಿಕೊಟ್ಟಿರುವ ಲಿನಕ್ಸಿನಲ್ಲಿ ಡ್ರೈವರ್ ಅನ್ನುವ ಕಡೆ ಹೋದರೆ ಎರಡು ಸಾಲು ತೋರಿಸುತ್ತೆ, ಮೇಲಿನದಕ್ಕೆ ಟಿಕ್ ಇದೆ. ಅದೇ ಇರಲೋ, ಕೆಳಗಿನದಕ್ಕೆ ಬದಲಿಸಲೋ, ನೀನೇ ಹೇಳಬೇಕು. ಇದು ನಿನ್ನ ಕಂಪ್ಯೂಟರ್.

ಶಂಕರ್


ಚಂದಕವಾಡಿ
8 ಏಪ್ರಿಲ್ 2025
ವಿಷಯ: ಡ್ರೈವರ್, ಮತ್ತು ಟಿ.ಸಿ.

ಶಂಕರ್ ಅವರಿಗೆ,

ಡ್ರೈವರ್ ಎಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸಿಗೂ ನಡುವೆ ನಿಂತು ಮಾತು ದಾಟಿಸುವ ಸಾಫ್ಟ್‌ವೇರ್. ಇದನ್ನು ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಹೂಂ ಎಂದಿದ್ದಿರಿ.

ಈಗ ಟಿಕ್ ಇರುವುದು ಲಿನಕ್ಸಿನ ಜೊತೆಗೇ ಬರುವ ಮುಕ್ತ ಡ್ರೈವರ್. ಅದರೊಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಲಿನಕ್ಸ್ ಹೊಸದಾದಾಗ ಅದೂ ಜೊತೆಯಲ್ಲೇ ಹೊಸದಾಗುತ್ತದೆ, ಕೈಕೊಡುವುದು ಅಪರೂಪ. ಆದರೆ ನಮ್ಮದು ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕಾರ್ಡು. ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಬೀಗದ ಕೈಯನ್ನು ಕಂಪನಿ ತನ್ನ ಸೊಂಟದಲ್ಲೇ ಇಟ್ಟುಕೊಂಡಿದೆ. ಹಾಗಾಗಿ ಮುಕ್ತ ಡ್ರೈವರಿನಲ್ಲಿ ಈ ಕಾರ್ಡು ಒಂದನೇ ಗೇರಿನಲ್ಲೇ ಓಡುತ್ತದೆ.

ಎರಡನೆಯದು ಕಾರ್ಡು ಮಾಡಿದ ಕಂಪನಿಯದು. ಓಟ ಜೋರು, ಸುಳ್ಳಲ್ಲ. ಆದರೆ ಒಳಗೇನು ನಡೆಯುತ್ತದೆ ಎಂದು ಅವರನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಲಿನಕ್ಸ್ ಅಪ್‌ಡೇಟ್ ಆದಾಗಲೆಲ್ಲ ಅದನ್ನು ಹೊಸದಾಗಿ ಜೋಡಿಸಿಕೊಳ್ಳಬೇಕು. ಜೋಡಣೆ ಸರಿಯಾಗಲಿಲ್ಲವೋ, ಪರದೆ ಕಪ್ಪು. ಒಳಗೇನಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಅಂಥವರ ಜೊತೆ ಬಾಳಿ ನನಗೆ ಸಾಕಾಗಿದೆ.

ಡ್ರೈವರ್ ಮುಟ್ಟಬೇಡಿ. ಆಟದ ಸೆಟ್ಟಿಂಗ್ಸಿಗೆ ಹೋಗಿ ನೆರಳು, ಹೊಗೆ, ನೀರಿನ ಹೊಳಪು ಎಲ್ಲ ತೆಗೆಯಿರಿ. ಅಷ್ಟು ಹೊರೆ ಇಳಿಸಿದರೆ ಹಳೇ ಕಾರ್ಡು ಸಲೀಸಾಗಿ ಹೋಗುತ್ತದೆ. ಮಗಳ ಕೈಲಿ ಸೋಲುವುದಕ್ಕೆ ಡ್ರೈವರನ್ನು ದೂರಬೇಡಿ.

ಇನ್ನು ಟಿ.ಸಿ. ಭವ್ಯ ಐದನೇ ಕ್ಲಾಸನ್ನು ಇಲ್ಲಿ ಹೆಡ್‌ಮಾಸ್ಟರ್ ದಯೆಯಿಂದ ಮುಗಿಸಿದಳು. ಆರನೆಯದಕ್ಕೆ ಇಲ್ಲೇ ಸೇರಿಸಬೇಕಾದರೆ ಗುಂಡ್ಲುಪೇಟೆ ಶಾಲೆಯ ಟಿ.ಸಿ. ಬೇಕೇ ಬೇಕು, ಅದಕ್ಕೆ ನೀವು ಹೋಗಿ ಅರ್ಜಿ ಕೊಡಬೇಕು. ನನಗೆ ಬದನಗುಪ್ಪೆ ಫ್ಯಾಕ್ಟರಿಯಲ್ಲಿ ಕೆಲಸ ಕಾಯಂ ಆಗಿದೆ, ಸಿಸ್ಟಂ ವಿಭಾಗ. ಹಿಂದೆ ಮುಂದೆ ನೋಡುವ ಕಾಲ ಮುಗಿಯಿತು ಎಂದುಕೊಂಡಿದ್ದೇನೆ. ರಜೆಗೆ ಮಗಳನ್ನು ಕಳಿಸು ಎಂದು ಮತ್ತೆ ಕೇಳಬೇಡಿ.

ನೀಲಾವತಿ


ಗುಂಡ್ಲುಪೇಟೆ
14 ಏಪ್ರಿಲ್ 2025
ವಿಷಯ: ಕಪ್ಪು

ನೀಲಾವತಿಗೆ,

ಮುಟ್ಟಬೇಡ ಅಂದದ್ದನ್ನೇ ಮುಟ್ಟಿದೆ. ಬೈದುಬಿಡು, ಆಮೇಲೆ ಮುಂದಿನದು ಓದು.

ನಿನ್ನೆ ವಿಷು ಹಬ್ಬದ ಹಿಂದಿನ ದಿನ. ನಮ್ಮ ಕಡೆಯ ಸೌತೆ, ಕುಂಬಳ, ಬೀನ್ಸ್ ಎಲ್ಲ ಕೇರಳಕ್ಕೆ ಹೊರಡುವ ಹೊತ್ತು, ನಿನಗೆ ಗೊತ್ತಲ್ಲ ಆ ಗಲಾಟೆ. ರಾತ್ರಿ ಒಂಬತ್ತಕ್ಕೆ ಅರಣ್ಯ ಇಲಾಖೆಯವರು ಮದ್ದೂರು ಗೇಟು ಹಾಕುವಷ್ಟರಲ್ಲಿ ಲಾರಿ ಕಾಡು ದಾಟಬೇಕು, ಇಲ್ಲದಿದ್ದರೆ ಹಬ್ಬ ಮುಗಿದ ಮೇಲೆ ಸೌತೆಕಾಯಿ ತಿನ್ನುವವರು ಯಾರು? ಊಟ ಮಾಡಿ ಹೊಲಕ್ಕೆ ಹೊರಡುವ ಮುಂಚೆ, ಆಟದ ಹೊತ್ತಿಗಾದರೂ ಸರಿಹೋಗಲಿ ಎಂದು ಕಂಪನಿ ಡ್ರೈವರಿಗೆ ಟಿಕ್ ಹಾಕಿ ಇನ್‌ಸ್ಟಾಲ್ ಒತ್ತಿ ಹೊರಟುಬಿಟ್ಟೆ. ಇಂಟರ್ನೆಟ್ ನಿಧಾನ ಇತ್ತು. ಅದರ ಪಾಡಿಗೆ ಅದು ಆಗುತ್ತಿರುತ್ತೆ ಅಂದುಕೊಂಡೆ.

ಲಾರಿ ತುಂಬಿಸಿ ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಕಂಪ್ಯೂಟರ್ ಆನ್ ಮಾಡಿದರೆ ಕಂಪನಿ ಗುರುತು ಬರುತ್ತೆ, ಒಂದು ಗೆರೆ ಮಿನುಗುತ್ತೆ, ಆಮೇಲೆ ಕಪ್ಪು. ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಹಾಗೇ.

ಮುಂದಿನ ಭಾನುವಾರದೊಳಗೆ ಸರಿಯಾಗಬೇಕು. ಅದೊಂದು ಇಲ್ಲದಿದ್ದರೆ ಈ ಮನೆಯಲ್ಲಿ ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಶಂಕರ್


ಚಂದಕವಾಡಿ
15 ಏಪ್ರಿಲ್ 2025
ವಿಷಯ: ಫೋಟೋ ಕಳಿಸಿ

ಶಂಕರ್ ಅವರಿಗೆ,

‘ಮುಟ್ಟಬೇಡಿ’ ಅನ್ನುವುದಕ್ಕೆ ಗುಂಡ್ಲುಪೇಟೆಯಲ್ಲಿ ಬೇರೆ ಅರ್ಥ ಇದೆಯೇನೋ. ಬೈದಾಯಿತು.

ಕಂಪ್ಯೂಟರ್ ಸತ್ತಿಲ್ಲ. ಪರದೆಗೆ ಚಿತ್ರ ಕಳಿಸುವ ದಾರಿ ಮಾತ್ರ ಮುಚ್ಚಿದೆ. ಆನ್ ಮಾಡಿದ ಕೂಡಲೇ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಒಂದು ಪಟ್ಟಿ ಬರುತ್ತದೆ. ಅದರಲ್ಲಿ ರಿಕವರಿ ಎಂದಿರುವುದನ್ನು ಆರಿಸಿ. ಚಿತ್ರವಿಲ್ಲದೆ ಬರೀ ಅಕ್ಷರಗಳಲ್ಲಿ ತೆರೆದುಕೊಳ್ಳುತ್ತದೆ. ಲಗತ್ತಿಸಿರುವ ಆಜ್ಞೆಯನ್ನು ಇದ್ದ ಹಾಗೇ ಟೈಪ್ ಮಾಡಿ, ಚುಕ್ಕಿ ಗೆರೆ ಯಾವುದೂ ತಪ್ಪಬಾರದು. ಭಾನುವಾರ ಏನೇನು ಇನ್‌ಸ್ಟಾಲ್ ಆಯಿತು, ಎಲ್ಲಿಗೆ ನಿಂತಿತು ಎನ್ನುವುದನ್ನು ತೋರಿಸುತ್ತದೆ. ಅದರ ಫೋಟೋ ಕಳಿಸಿ. ಊಹೆಯ ಮೇಲೆ ರಿಪೇರಿ ಮಾಡುವವಳು ನಾನಲ್ಲ.

ಟಿ.ಸಿ. ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ.

ನೀಲಾವತಿ


ಗುಂಡ್ಲುಪೇಟೆ
17 ಏಪ್ರಿಲ್ 2025
ವಿಷಯ: ಫೋಟೋ

ನೀಲಾವತಿಗೆ,

ಫೋಟೋ ಲಗತ್ತಿಸಿದ್ದೇನೆ. ನೀನು ಕೊಟ್ಟ ಸಾಲನ್ನು ಟೈಪ್ ಮಾಡಲು ಏಳು ಸಲ ಬೇಕಾಯಿತು. ಕೊನೆಗೆ ಅಕ್ಷರಗಳು ಸೋನೆ ಮಳೆ ಹಾಗೆ ಇಳಿದವು. ನನಗೆ ಅರ್ಥವಾದದ್ದು ತಾರೀಖು, ಗಂಟೆ ಎರಡೇ. ಭಾನುವಾರ ಗುಡುಗು ಜೋರಿತ್ತು. ಕರೆಂಟ್ ಹೋಗಿರಬೇಕು.

ಒಂದು ಕೇಳಬೇಕು. ಹಳೇ ಡ್ರೈವರ್, ಅದೇ ಮುಕ್ತದ್ದು, ಇನ್ನೂ ಒಳಗಿದೆಯೋ ಅಥವಾ ಹೊಸದಕ್ಕೆ ಟಿಕ್ ಹಾಕಿದಾಗಲೇ ಹೊರಟುಹೋಯಿತೋ?

ಶಾಲೆಗೆ ರಜೆ. ಹೆಡ್‌ಮಾಸ್ಟರ್ ಸಿಗಲಿಲ್ಲ.

ಶಂಕರ್


ಚಂದಕವಾಡಿ
18 ಏಪ್ರಿಲ್ 2025
ವಿಷಯ: ಆ ಗಾಡಿ ಓಡಿಸುತ್ತಿದ್ದವರು ಯಾರು?

ಶಂಕರ್ ಅವರಿಗೆ,

ಫೋಟೋ ನೋಡಿದೆ. ಇನ್‌ಸ್ಟಾಲ್ ನಾಲ್ಕೂಕಾಲರ ಹೊತ್ತಿಗೆ ಅರ್ಧದಲ್ಲಿ ಕಡಿದುಹೋಗಿದೆ. ಹಳೇ ಡ್ರೈವರಿಗೆ ಒಳಗೆ ಬರಬೇಡ ಎಂದು ಬಾಗಿಲು ಹಾಕಿ ಆಗಿತ್ತು, ಹೊಸದು ಇನ್ನೂ ಬಂದು ಕೂತಿರಲಿಲ್ಲ. ಆ ನಡುವೆ ಕರೆಂಟ್ ಹೋದರೆ ಕಪ್ಪಾಗದೆ ಇನ್ನೇನಾಗುತ್ತದೆ? ಡ್ರೈವರಿನ ತಪ್ಪಲ್ಲ ಇದು.

ಆದರೆ ನಾನು ಕೇಳುತ್ತಿರುವುದು ಅದನ್ನಲ್ಲ. ನಾಲ್ಕೂಕಾಲಿಗೆ ಭವ್ಯ ಇಲ್ಲಿ ಪಡಸಾಲೆಯಲ್ಲಿ ಕೂತು ಆಡುತ್ತಿದ್ದಳು. ನಗುತ್ತಿದ್ದಳು, ಅಡುಗೆಮನೆಗೆ ಕೇಳಿಸುತ್ತಿತ್ತು. ನೀವು ಊಟ ಮಾಡಿ ಹೊಲಕ್ಕೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದೆ ಎಂದು ನಿಮ್ಮ ಕೈಯಲ್ಲೇ ಬರೆದಿದ್ದೀರಿ. ಹಾಗಾದರೆ ಅಲ್ಲಿ ಕೂತಿದ್ದವರು ಯಾರು?

ಮಗಳನ್ನು ಕೇಳಿದೆ. “ಗುಂಡ್ಲುಪೇಟೆ ಜೊತೆ ಆಡ್ತೀನಿ ಅಂದಿದ್ದೆ. ಅಪ್ಪನ ಜೊತೆ ಅಂತ ಯಾವತ್ತಾದರೂ ಅಂದಿದ್ನಾ?” ಎಂದು ನನಗೇ ತಿರುಗಿ ಕೇಳಿ ಹಿತ್ತಲಿಗೆ ಹೋದಳು. ಥೇಟ್ ನಿಮ್ಮ ಹಾಗೆ.

ವಾರಕ್ಕೊಂದು ಅರ್ಧ ಗಂಟೆ. ಮಗಳಿಗೆ ಅಪ್ಪನಾದರೂ ಉಳಿಯಲಿ ಎಂದು ಹಲ್ಲು ಕಚ್ಚಿ ಬಿಟ್ಟುಕೊಟ್ಟಿದ್ದೆ. ಅದಕ್ಕೂ ಬಿಡುವಿಲ್ಲದೆ ಕಳೆ ಕೀಳಲು ಆಳು ಹಿಡಿದ ಹಾಗೆ ಯಾರನ್ನೋ ಕೂರಿಸಿದ್ದೀರಿ. ನನಗೆ ಬಹಳ ನೋವಾಗಿದೆ. ಬರುವ ವಾರ ಟಿ.ಸಿ. ಅರ್ಜಿ ಕೊಡಿ. ಕೊಡದಿದ್ದರೆ ನಾನೇ ಬಂದು ಕೊಡುತ್ತೇನೆ. ಆಗ ನಾಲ್ಕು ಜನರ ಮುಂದೆ ಮಾತು ಬರುತ್ತದೆ.

ನೀಲಾವತಿ


ಗುಂಡ್ಲುಪೇಟೆ
19 ಏಪ್ರಿಲ್ 2025
ವಿಷಯ: ಅವ್ವ

ನೀಲಾ,

ಓಡಿಸುತ್ತಿದ್ದದ್ದು ಅವ್ವ.

ನಗಬೇಡ. ನಗುವಂಥದ್ದೇ, ಆದರೂ ಬೇಡ. ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ ನಾನು ಮಾರ್ಕೆಟ್ಟಿನಿಂದ ಬರುವುದು ತಡವಾಯಿತು. ಭವ್ಯ ಅಪ್ಪ ಎಲ್ಲಿ ಎಂದು ವೀಡಿಯೋ ಕಾಲ್ ಮಾಡಿದ್ದಾಳೆ. ಮನೆಯಲ್ಲಿದ್ದದ್ದು ಅವ್ವ ಒಬ್ಬಳೇ. ಬಾಣದ ಗುರುತಿನ ನಾಲ್ಕು ಕೀಗೂ ಕುಂಕುಮ ಹಚ್ಚಿಸಿ, ಯಾವುದು ಒತ್ತಿದರೆ ಯಾವ ಕಡೆ ಎಂದು ಮಗಳೇ ಕಲಿಸಿದ್ದಾಳೆ. ನಾನು ಬಂದಾಗ ಅವ್ವ ಗೋಡೆಗೆ ಗಾಡಿ ಗುದ್ದಿಸಿಕೊಂಡು ಕೂತಿದ್ದಳು. ಅವತ್ತಿನಿಂದ ಆ ಕುರ್ಚಿ ನನಗೆ ಸಿಕ್ಕಿಲ್ಲ. ಭಾನುವಾರ ಮೂರೂವರೆಗೇ ಕೈಕಾಲು ಮುಖ ತೊಳೆದು, ಕನ್ನಡಕ ಒರೆಸಿಕೊಂಡು ಕೂತಿರುತ್ತಾಳೆ. ನಮ್ಮ ಗಾಡಿ ಯಾಕ್ಲಾ ಕುಂಟ್ತದೆ ಎಂದು ಪ್ರಾಣ ತಿಂದವಳೂ ಅವಳೇ. ಅದಕ್ಕೇ ನಾನು ನಿನಗೆ ಬರೆದದ್ದು.

ನಿನಗೆ ಹೇಳಬಾರದು ಎಂದು ಮಗಳಿಗೆ ಹೇಳಿಕೊಟ್ಟವಳೂ ಅವ್ವನೇ. “ನಿಮ್ಮವ್ವಂಗೆ ಯೋಳ್ಬೇಡ ಕಣಮ್ಮಿ, ಆಮೇಕೆ ಇದ್ನೂ ನಿಲ್ಸ್‌ಬುಟ್ಟಾಳು” ಅಂದದ್ದು ನನ್ನ ಕಿವಿಗೂ ಬಿತ್ತು. ನಾನೂ ಸುಮ್ಮನಾದೆ. ಸುಮ್ಮನಾಗುವುದು ನನಗೆ ರೂಢಿ ಎಂದು ನೀನು ಅನ್ನುತ್ತೀಯ, ಅನ್ನು.

ಇನ್ನೊಂದಿದೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಅಳಿಸಿದೆ. ಅವತ್ತು ಕರೆಂಟ್ ಹೋಗಲಿಲ್ಲ. ಗುಡುಗಿತು, ಅವ್ವ ಎದ್ದು ಹೋಗಿ ಮೈನ್ ಆಫ್ ಮಾಡಿದಳು. ಅಕ್ಟೋಬರಿನಲ್ಲಿ ನಿನ್ನ ಪರೀಕ್ಷೆಯ ದಿನ ಮಾಡಿದ ಹಾಗೇ. ಈ ಮಾತು ಕೇಳಿದರೆ ನಿನಗೆ ಏನಾಗುತ್ತೆ ಎಂದು ನನಗೆ ಗೊತ್ತು. ಮನೆಯಿಂದಲೇ ಮಾಡುವ ಕೆಲಸ, ಆನ್‌ಲೈನ್ ಪರೀಕ್ಷೆ, ಮುಗಿಯಲು ಇನ್ನು ಸ್ವಲ್ಪ ಇರುವಾಗ ಕತ್ತಲು. ಆ ಕೆಲಸ ಸಿಕ್ಕಿದ್ದರೆ ನೀನು ಇಲ್ಲೇ ಇರುತ್ತಿದ್ದೆ. ಸುಳ್ಳು ಬರೆದದ್ದು ಆ ಕಾರಣಕ್ಕೇ, ಬೇರೆ ಏನೂ ಇಲ್ಲ.

ಸೋಮವಾರ ಅರ್ಜಿ ಕೊಡುತ್ತೇನೆ.

ಶಂಕರ


ಗುಂಡ್ಲುಪೇಟೆ
24 ಏಪ್ರಿಲ್ 2025
ವಿಷಯ: ಅರ್ಜಿ ಕೊಟ್ಟೆ

ನೀಲಾ,

ನಿನ್ನಿಂದ ಉತ್ತರವಿಲ್ಲ. ಬರುವುದಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ.

ಹೆಡ್‌ಮಾಸ್ಟರ್ ಮನೆಗೇ ಹೋಗಿ ಅರ್ಜಿ ಕೊಟ್ಟೆ. ಶಾಲೆ ಬಿಡಲು ಕಾರಣ ಬರೆಯಿರಿ ಎಂದರು. ಪೆನ್ನು ಹಿಡಿದು ಕೂತೆ. ಅವರು ಒಳಗೆ ಹೋಗಿ ಕಾಫಿ ತಂದರು, ನಾನು ಇನ್ನೂ ಕೂತೇ ಇದ್ದೆ. ಕೊನೆಗೆ ‘ತಾಯಿಯ ಉದ್ಯೋಗ’ ಎಂದು ಬರೆದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಮೇ ಐದನೇ ತಾರೀಖು ಸೋಮವಾರ ಬಂದು ಟಿ.ಸಿ. ತೆಗೆದುಕೊಳ್ಳಿ ಎಂದಿದ್ದಾರೆ.

ಮೊನ್ನೆ ಭಾನುವಾರ ಅವ್ವ ನಾಲ್ಕು ಗಂಟೆಗೆ ಕಂಪ್ಯೂಟರ್ ಮೇಲಿನ ಧೂಳು ಒರೆಸಿದಳು. ಕೆಟ್ಟಿದೆ ಕಣವ್ವ ಅಂದೆ. ಗೊತ್ತದೆ ಬುಡ್ಲಾ ಅಂದಳು. ಅಂದವಳು ಅಲ್ಲೇ ಕೂತುಕೊಂಡಳು. ನನಗೆ ನೋಡಲಾಗಲಿಲ್ಲ, ಹೊಲದ ಕಡೆ ಹೋದೆ.

ಶಂಕರ


ಚಂದಕವಾಡಿ
26 ಏಪ್ರಿಲ್ 2025
ವಿಷಯ: ಒಂದು ಪ್ರಶ್ನೆ

ರೀ,

ಉತ್ತರ ಬರೆಯದೆ ಇದ್ದದ್ದು ಕೋಪಕ್ಕೆ. ‘ಮೈನ್ ಆಫ್’ ಎಂಬ ಎರಡು ಪದ ಓದಿದಾಗ ಮೊಬೈಲ್ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಪರೀಕ್ಷೆಯ ಹಿಂದಿನ ದಿನವೇ ಅತ್ತೆ ಅಂದಿದ್ದರು, ಹೊಲ ಮನೆ ಬಿಟ್ಟು ಡಬ್ಬದ ಮುಂದೆ ಕೂತವಳೆ ಅಂತ. ಮಾರನೆಯ ದಿನ ಡಬ್ಬ ಆರಿಹೋಯಿತು. ಬೇಕೆಂದೇ ಮಾಡಿದರು ಎನ್ನುವುದರಲ್ಲಿ ನನಗೆ ಇಷ್ಟು ದಿನ ಒಂದು ಕೂದಲೆಳೆಯ ಅನುಮಾನವೂ ಇರಲಿಲ್ಲ.

ನಿನ್ನೆ ಭವ್ಯಳ ತಲೆ ಬಾಚುತ್ತಾ ಸುಮ್ಮನೆ ಕೇಳಿದೆ, ಅವತ್ತು ಆಟದಲ್ಲಿ ಯಾರು ಗೆಲ್ಲುತ್ತಿದ್ದರು ಎಂದು. “ಅಜ್ಜಿ ಫಸ್ಟ್ ಇದ್ರು. ಯಾವತ್ತೂ ಬಂದಿರಲಿಲ್ಲ, ಅವತ್ತೇ ಮೊದಲು. ಕೊನೇ ಸುತ್ತು ಅಮ್ಮ, ಗೆರೆ ಕಾಣ್ತಿತ್ತು. ಅಷ್ಟರಲ್ಲಿ ಅಜ್ಜಿ ಗಾಡಿನೇ ಇಲ್ಲ” ಎಂದಳು.

ಮೂರು ತಿಂಗಳು ಸೋತು ಸೋತು ಮೊದಲ ಸಲ ಗೆಲ್ಲುತ್ತಿದ್ದವರು, ಗೆರೆ ಕಾಣುತ್ತಿರುವಾಗ ತಾವೇ ಎದ್ದು ಹೋಗಿ ಮೈನ್ ಆಫ್ ಮಾಡಿದ್ದಾರೆ. ಸೊಸೆಯ ಪರೀಕ್ಷೆ ಕೆಡಿಸಲು ಮಾಡಿದರು ಅನ್ನಬಹುದು. ತಮ್ಮ ಆಟವನ್ನೇ ಕೆಡಿಸಿಕೊಳ್ಳಲು ಯಾರಾದರೂ ಮಾಡುತ್ತಾರಾ? ರಾತ್ರಿ ಮಲಗಿದರೂ ಇದೇ.

ಗುಡುಗಿದರೆ ಮೈನ್ ಯಾಕೆ? ಹಳ್ಳಿ ಕಡೆ ಎಲ್ಲರೂ ಆರಿಸುತ್ತಾರೆ, ಗೊತ್ತು. ಆದರೆ ಎರಡನೇ ಗುಡುಗಿಗೂ ಕಾಯದೆ ಹೀಗೆ ಓಡುವವರನ್ನು ನಾನು ನೋಡಿಲ್ಲ. ಅವತ್ತೂ ನಿಮ್ಮನ್ನು ಕೇಳಿದ್ದೆ. “ಅವ್ವ ಹಂಗೇ ಬುಡು” ಅಂದಿರಿ. ಈ ಸಲ ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನಿಮ್ಮ ಮಾತು ಒಂದೂ ಸೇರಿಸಬೇಡಿ.

ಹಾಗೇ ಇದನ್ನೂ ಕೇಳಿ: ಗಾಡಿ ಜೋರಾಗಿ ಓಡಿ ಆಗಾಗ ಕೆಡುವುದು ಬೇಕೋ, ಸ್ವಲ್ಪ ನಿಧಾನ ಹೋದರೂ ಕೆಡದೆ ಇರುವುದು ಬೇಕೋ? ಆಡುವವರು ಅವರು, ಡ್ರೈವರ್ ಅವರೇ ಆರಿಸಲಿ.

ನೀಲಾ


ಗುಂಡ್ಲುಪೇಟೆ
28 ಏಪ್ರಿಲ್ 2025
ವಿಷಯ: ಅವ್ವ ಹೇಳಿದ್ದು

ನೀಲಾ ಅಮ್ಮಿ,

ಚೆನ್ನಾಗಿದ್ದೀಯಾ? ಇವ್ನು ಬರೀತಾವ್ನೆ, ಸರಿಯಾಗಿ ಬರೀತಾವ್ನೋ ಇಲ್ವೋ ನಂಗೆ ಗೊತ್ತಾಗಲ್ಲ.

ನಿಮ್ಮಾವಂಗೆ ಬಲಗಿವಿ ಕೇಳ್ತಿರ್ನಿಲ್ಲ ಅನ್ನೋದು ನೀನೇ ಕಂಡಿದ್ದೀಯೆ. ಊಟಕ್ಕೆ ಕರೀವಾಗ ಎಡಗಡೀಕೆ ಓಗಿ ಕರೀತಿದ್ದೆ ನೀನು. ಉಟ್ಟಿದಾಗಿಂದ ಕಿವುಡಲ್ಲ ಕಣಮ್ಮಿ. ಶಂಕ್ರ ಇನ್ನೂ ತೊಟ್ಲಲ್ಲಿದ್ದ. ನಿಮ್ಮಾವಂಗೆ ರೇಡಿಯಾ ಅಂದ್ರೆ ಪಿರಾಣ. ಗುಡುಗು ಬಂದ್ರೆ ಕರ್ ಅಂತದೆ ಅಂತ ಕಿವಿಗೆ ಅಂಟಿಸ್ಕಂಡು ಕೇಳೋರು. ಏರಿಯಲ್ ತಂತೀನ ತೆಂಗಿನ ಮರಕ್ಕೆ ಕಟ್ಟಿದ್ರು. ಒಂದಿನ ಸಿಡ್ಲು ಆ ತಂತೀನೇ ಇಡ್ಕಂಡು ಒಳೀಕೆ ಬಂತು. ಬುಗ್ ಅಂತು. ಓಡ್ಬಂದು ನೋಡ್ತೀನಿ, ನೆಲದ್ ಮೇಲೆ ಬಿದ್ದವ್ರೆ, ಕಿವೀಲಿ ರಕ್ತ. ಸತ್ತೇ ಓದ್ರು ಅಂತ ನಾನು ಬಾಯಿ ಬಡ್ಕಂಡೆ. ಮಾದಪ್ಪ ಕಣ್ಬುಟ್ಟ, ಉಳ್ಕಂಡ್ರು. ಕಿವಿ ಓಯ್ತು.

ಅವತ್ತಿಂದ ಗುಡುಗು ಅಂದ್ರೆ ನನ್ ಕೈ ತಾನೇ ಮೈನ್ ತಾವ್ಕೆ ಓಯ್ತದೆ. ಯಾರು ಏನ್ ಮಾಡ್ತಾವ್ರೆ ಅಂತ ನೋಡಾಕಾಯ್ತದಾ? ಅವತ್ತು ನೀನು ಡಬ್ಬದ ಮುಂದೆ ಕುಂತಿದ್ದೆ. ಡಬ್ಬ ಸುಟ್ಟೋದ್ರೆ ಓಗ್ಲಿ ಅನ್ಬೋದು. ನಿನ್ ಕಿವೀಲಿ ವಯರಿತ್ತು ಕಣಮ್ಮಿ. ಎರ್ಡು ಕಿವೀಲೂ ಇತ್ತು.

ಪರೀಕ್ಸೆ ಅಂತ ನಂಗ್ಯಾರು ಯೋಳಿದ್ರು? ನೀನೂ ಯೋಳ್ನಿಲ್ಲ, ಇವ್ನೂ ಯೋಳ್ನಿಲ್ಲ. ನೀನು ಬಟ್ಟೆ ತುಂಬ್ಕಂಡು ಒಂಟಾಗ ಯಾಕ್ ಓಯ್ತಿದ್ದೀಯೆ ಅಂತ ಕೇಳ್ಬೇಕು ಅಂದ್ಕಂಡೆ. ಬಾಯಿ ಬರ್ನಿಲ್ಲ. ಡಬ್ಬದ ಮುಂದೆ ಕುಂತವ್ಳೆ ಅಂತ ಅಂದಿದ್ದೆ, ನಿಜ. ಅಂದಿದ್ದು ತಪ್ಪು. ಈಗ ನಾನೇ ಕುಂತೀನಿ.

ಗಾಡಿ ನಿಧಾನಕ್ಕೋದ್ರೂ ಸರಿ, ಗಳಿಗೆಗೊಂದಪ ಕೆಡೋದು ಬ್ಯಾಡ. ಅವತ್ತು ನಾನೇ ಮುಂದಿದ್ದೆ ಅಂತ ಭವ್ಯಂಗೆ ನೆಪ್ಪದಾ ಕೇಳು.

ನಿಮ್ಮತ್ತೆ ಸಣ್ಣಮ್ಮ

(ನೀನು ಹೇಳಿದ ಹಾಗೆ ನನ್ನ ಮಾತು ಸೇರಿಸಿಲ್ಲ. ಅಪ್ಪನ ಕಿವಿಯ ವಿಚಾರ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನಿನ್ನ ಕಿವಿಯ ವಯರಿನ ವಿಚಾರ ಇವತ್ತೇ ಗೊತ್ತಾದದ್ದು. ಶಂಕರ)


ಚಂದಕವಾಡಿ
29 ಏಪ್ರಿಲ್ 2025
ವಿಷಯ: ಹಳೇ ಡ್ರೈವರ್

ರೀ,

ಪತ್ರ ಓದಿದೆ. ಅತ್ತೆಗೆ ಆಮೇಲೆ ಬರೆಯುತ್ತೇನೆ, ಮೊದಲು ಕಂಪ್ಯೂಟರ್ ವಿಚಾರ.

ಅರ್ಧ ಕೂತಿರುವ ಕಂಪನಿ ಡ್ರೈವರನ್ನು ಬೇರು ಸಮೇತ ಕೀಳುವ ಆಜ್ಞೆಗಳನ್ನು ಲಗತ್ತಿಸಿದ್ದೇನೆ. ಮೂರೇ ಸಾಲು. ರಿಕವರಿಗೆ ಹೋಗಿ ಒಂದೊಂದಾಗಿ ಟೈಪ್ ಮಾಡಿ, ಒಂದು ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ. ಹಳೇದು ಇದೆಯೋ ಹೋಯಿತೋ ಎಂದು ಅವತ್ತು ಕೇಳಿದ್ದಿರಿ. ಅದು ಎಲ್ಲೂ ಹೋಗಿಲ್ಲ. ಬರಬೇಡ ಎಂದು ಬರೆದಿಟ್ಟಿರುವ ಸಾಲನ್ನು ಅಳಿಸಿದರೆ ತಾನೇ ಬಂದು ಕೂರುತ್ತದೆ. ಆಮೇಲೆ ಆಟದಲ್ಲಿ ನೆರಳು, ಹೊಗೆ ತೆಗೆಯಿರಿ. ಈ ಸಲವಾದರೂ ಹೇಳಿದಷ್ಟೇ ಮಾಡಿ.

ಶುರು ಮಾಡುವ ಮುಂಚೆ ಹೊರಗೆ ಹೋಗಿ ಆಕಾಶ ನೋಡಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ಇದ್ದರೆ ನಾಳೆಗೆ ಇಟ್ಟುಕೊಳ್ಳಿ. ಗುಡುಗಿದರೆ ಅತ್ತೆಯ ಕೈಯನ್ನು ಯಾರೂ ತಡೆಯುವುದು ಬೇಡ.

ನೀಲಾ


ಗುಂಡ್ಲುಪೇಟೆ
1 ಮೇ 2025
ವಿಷಯ: ಬಂತು

ನೀಲಾ,

ಬಂತು. ಮೂರನೇ ಸಾಲು ಟೈಪ್ ಮಾಡಿ ಮತ್ತೆ ಆನ್ ಮಾಡಿದರೆ, ಭವ್ಯ ಒಂದನೇ ಕ್ಲಾಸಿನಲ್ಲಿದ್ದಾಗ ನೀನು ಹಾಕಿದ್ದ ಫೋಟೋ ಪರದೆ ಮೇಲೆ ಹಾಗೇ ಇದೆ. ನೆರಳು ತೆಗೆದ ಮೇಲೆ ಗಾಡಿ ಕುಂಟುವುದು ನಿಂತಿದೆ. ಮರದ ಕೆಳಗೆ ನೆರಳೇ ಇಲ್ವಲ್ಲ, ಇದ್ಯಾವ ಸೀಮೆ ಮರ ಎಂದು ಅವ್ವ ಕೇಳುತ್ತಿದ್ದಾಳೆ. ಭಾನುವಾರಕ್ಕೆ ಕೀಗಳಿಗೆ ಹೊಸದಾಗಿ ಕುಂಕುಮ ಇಟ್ಟಾಯಿತು.

ಸುಮ್ಮನಿದ್ದು ಸುಮ್ಮನಿದ್ದು ಇಷ್ಟಾಯಿತು, ಇದೊಂದನ್ನು ಕೇಳಿಬಿಡುತ್ತೇನೆ. ಸೋಮವಾರ ಟಿ.ಸಿ. ತರಲಾ? ತರುವುದು ನನಗೆ ಇಷ್ಟವಿಲ್ಲ. ನೀನು ತಾ ಅಂದರೆ ತರುತ್ತೇನೆ.

ಶಂಕರ


ಚಂದಕವಾಡಿ
4 ಮೇ 2025, ಭಾನುವಾರ
ವಿಷಯ: ಇವತ್ತಿನ ಆಟ

ರೀ,

ಮೊಬೈಲಿನಲ್ಲಿ ಬರೆಯುತ್ತಿದ್ದೇನೆ. ಫ್ಯಾನಿಲ್ಲ, ದೀಪವಿಲ್ಲ, ಸೆಖೆ. ಮಳೆ ಈಗ ತಾನೇ ನಿಂತಿದೆ.

ಇವತ್ತು ಭವ್ಯ ಆಡುವಾಗ ನಾನೂ ಪಕ್ಕದಲ್ಲಿ ಕೂತಿದ್ದೆ. ಅತ್ತೆ ತಿರುವಿನಲ್ಲಿ ಎಷ್ಟು ಹುಷಾರು ನೋಡಿ, ಎದುರಿಗೆ ಯಾರೂ ಇಲ್ಲದಿದ್ದರೂ ನಿಧಾನ ಮಾಡಿಯೇ ತಿರುಗಿಸುತ್ತಾರೆ. ಇಬ್ಬರೂ ಅಕ್ಕಪಕ್ಕ ಓಡುತ್ತಿದ್ದರು. ಕೊನೆಯ ಸುತ್ತಿಗೆ ಭವ್ಯ ಒಂದು ಗಾಡಿಯಷ್ಟು ಮುಂದಿದ್ದಳು. ಆಗ ಇಲ್ಲಿ ಗುಡುಗಿತು.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಚಾರ್ಜರ್ ಕಿತ್ತರೆ ಸಾಕಿತ್ತು, ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನನಗೆ ಕಂಡದ್ದು ಮಗಳ ಕಿವಿಯಲ್ಲಿದ್ದ ಇಯರ್‌ಫೋನ್. ಎದ್ದದ್ದು ನೆನಪಿಲ್ಲ. ನೆನಪಾದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ, ಮೈನ್ ಆಫ್ ಆಗಿತ್ತು. ಇಂಟರ್ನೆಟ್ ಡಬ್ಬ ಆರಿ ಆಟ ಕಡಿದುಹೋಯಿತು. ಗೆಲ್ತಾ ಇದ್ದೆ, ಬೇಕೂಂತ ಮಾಡಿದೆ ಎಂದು ಭವ್ಯ ಒಂದೇ ಸಮನೆ ಅತ್ತಳು. ಪಕ್ಕದಲ್ಲಿ ಕೂರಿಸಿಕೊಂಡು ತಾತನ ಕಿವಿಯ ಕಥೆ ಹೇಳಿದೆ. ಕಣ್ಣು ಒರೆಸಿಕೊಂಡು ಕೇಳಿದಳು.

ಅತ್ತೆಗೆ ಹೇಳಿ, ಅವತ್ತು ಅವರೇ ಮುಂದಿದ್ದದ್ದು ಭವ್ಯಳಿಗೆ ನೆನಪಿದೆ. ಇವತ್ತು ಭವ್ಯ ಮುಂದಿದ್ದಳು. ಎರಡೂ ಆಟ ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು.

ನಾಳೆ ಶಾಲೆಗೆ ಹೋಗಿ ಟಿ.ಸಿ. ಅರ್ಜಿ ವಾಪಸ್ ತೆಗೆದುಕೊಳ್ಳಿ. ಬದನಗುಪ್ಪೆಗೆ ಗುಂಡ್ಲುಪೇಟೆಯಿಂದ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸು ಇದೆ, ವಿಚಾರಿಸಿ ಬರೆಯಿರಿ. ಆ ಆಟವನ್ನು ಒಂದೇ ಕಂಪ್ಯೂಟರಿನಲ್ಲಿ ಪರದೆ ಎರಡು ಭಾಗ ಮಾಡಿ ಇಬ್ಬರು ಕೂತು ಆಡಬಹುದು. ಅದಕ್ಕೆ ಇನ್ನೊಂದು ಕೀಬೋರ್ಡ್ ಬೇಕು. ನೀವು ಕೊಳ್ಳಬೇಡಿ, ಬರುವಾಗ ನಾನು ತರುತ್ತೇನೆ.

ನೀಲಾ